ಮನೆ ಕಟ್ಟುವವರ ಮುಂದಾಳು ಪಿಯರ್ ಸೆರೆಸೋಲರು

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ಸುತ್ತಣ ಊರುಗಳಲ್ಲಾಗಲಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಾಗಲಿ ಬಡವನೊಬ್ಬನು ತಲೆಯ ಮೇಲೊಂದು ಸೂರು ಮಾಡಿಕೊಳ್ಳಬೇಕಾದರೆ ಪಡುವ ಪಾಡನ್ನು ನಿಮಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಆ ಸೀಮೆಯಲ್ಲಿ ಕಲ್ಲಿಗೆ ಬರಗಾಲವೆಂಬುದಿಲ್ಲ. ಆದರೆ ಕಲ್ಲನ್ನು ಸೀಳುವುದಕ್ಕೂ, ಬಂಡಿಯಲ್ಲಿ ತರುವುದಕ್ಕೂ, ತೊಲೆ ಜಂತೆಗಳನ್ನು ಕೊಳ್ಳುವುದಕ್ಕೂ ಹಣವು ಬೇಕು, ಆಳು ಬೇಕು. ಹೊಲವುಳ್ಳ ರೈತರು ಮುಯ್ಯಾಳುಗಳಾಗಿ ಒಬ್ಬರ ಕೆಲಸಕ್ಕೆ ಒಬ್ಬರು ಕೂಡಿಬರುತ್ತಾರೆ. ದಿನಗೂಲಿಯಿಂದ ಹೊಟ್ಟೆ ಹೊರೆಯುವವನಿಗಾದರೋ ಮುಯ್ಯಿ ತೀರಿಸುವುದಕ್ಕೆ ಬಿಡುವಾದ ದಿನವು ಎಲ್ಲಿಂದ ಬರಬೇಕು? ಆದುದರಿಂದ ಅವನ ಗೋಡೆಯು ಮೊಣಕಾಲೆತ್ತರಕ್ಕೆ ನಿಂತು ಎರಡು ಮಳೆಗಾಲ ನೆನೆಯುವುದುಂಟು.

ಇಂಥ ಮನೆಗಳನ್ನು ಕಟ್ಟುವುದಕ್ಕೆ ಓದುಬರಹ ಬಲ್ಲ ಯೌವನಸ್ಥರು ರಜೆಯ ದಿವಸಗಳಲ್ಲಿ ತಾವಾಗಿಯೇ ಬಂದು, ಕೂಲಿ ಕೇಳದೆ ಮಣ್ಣು ಹೊರುವುದನ್ನು ಈಗ ಅನೇಕರು ಕಂಡಿರಬಹುದು. ಭಾರತ ಸರಕಾರವು 1969ನೆಯ ಇಸವಿಯಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದಂದಿನಿಂದ ವಿದ್ಯಾರ್ಥಿಗಳ ಶಿಬಿರಗಳು ನಮ್ಮ ಹಳ್ಳಿಗಳಿಗೆ ಹೊಸವಲ್ಲ. ಆದರೆ ನೂರು ವರ್ಷಗಳ ಹಿಂದೆ ಇದು ಎಲ್ಲಿಯೂ ರೂಢಿಯಲ್ಲಿರಲಿಲ್ಲ. ಓದಿದವನು ಗುದ್ದಲಿ ಹಿಡಿಯುವುದು ಅವಮಾನವೆಂಬುದು ನಮ್ಮ ದೇಶದ ಎಣಿಕೆ ಮಾತ್ರವೇ ಅಲ್ಲ, ಯೂರೋಪಿನ ದೊಡ್ಡ ಮನೆತನಗಳ ಎಣಿಕೆಯೂ ಹಾಗೆಯೇ ಇದ್ದಿತು. ಈ ಎಣಿಕೆಯನ್ನು ಮುರಿದು, ಶತ್ರುಗಳೆನಿಸಿಕೊಂಡವರ ಊರಿನಲ್ಲಿ ಮನೆಗಳನ್ನು ಕಟ್ಟಿ, ಕಡೆಗೆ ನಮ್ಮ ಭಾರತದೇಶಕ್ಕೂ ಬಂದು ಬಿಹಾರದ ಬಡ ರೈತರಿಗಾಗಿ ಊರನ್ನೇ ನೆಲೆಗೊಳಿಸಿದ ಪಿಯರ್ ಸೆರೆಸೋಲರೆಂಬವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಸ್ವಿಟ್ಜರ್ಲೆಂಡ್ ದೇಶವು ನಮ್ಮ ಸಭೆಯವರಿಗೆ ಅಪರಿಚಿತವಾದುದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನ ಬೋಧಕರನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಆ ದೇಶದ್ದೇ. ಅದೇ ದೇಶದ ಪಶ್ಚಿಮ ಭಾಗದಲ್ಲಿ ದೊಡ್ಡ ಸರೋವರವೊಂದರ ದಡದ ಮೇಲಿರುವ ಲೊಸಾನ್ ಎಂಬ ಪಟ್ಟಣದಲ್ಲಿ 1879ನೆಯ ಇಸವಿ ಆಗಸ್ಟ್ 17ನೆಯ ತಾರೀಖಿನಲ್ಲಿ ಸೆರೆಸೋಲರು ಹುಟ್ಟಿದರು. ಇವರ ತಂದೆ ಪೌಲ್ ಸೆರೆಸೋಲರು ಸಾಧಾರಣ ಮನುಷ್ಯರಲ್ಲ; ಸೈನ್ಯದಲ್ಲಿ ಕರ್ನಲರು, 1873ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿ ಆಳಿದವರು. ಹೀಗೆ ಮಕ್ಕಳು ಬಹುಮಂದಿಯಿದ್ದ, ಮಾನಮರ್ಯಾದೆಗಳಿಗೆ ಕೊರತೆಯಿಲ್ಲದ ಮನೆಯಲ್ಲಿ ಪಿಯರರು ಬೆಳೆದರು. ತಾಯಿಯಾದರೋ ಇವರ ಬಾಲ್ಯದಲ್ಲಿಯೇ ತೀರಿಕೊಂಡರು. ಹದಿನೇಳು ವರ್ಷದ ಪ್ರಾಯದಲ್ಲಿ ಊರ ಹತ್ತಿರದ ಒಂದು ಕಾಡಿನಲ್ಲಿ ಒಂಟಿಯಾಗಿ ನಡೆಯುತ್ತಿದ್ದಾಗ, ತಾನು ಬದುಕಿರುವ ವರೆಗೂ ಸತ್ಯಕ್ಕೆ ಒಳಪಟ್ಟಿರಬೇಕು, ಅದಕ್ಕೋಸ್ಕರ ಏನು ಕಳೆದುಕೊಂಡರೂ ಚಿಂತೆಯಿಲ್ಲ ಎಂಬ ನಿಶ್ಚಯವು ಅವರ ಹೃದಯದಲ್ಲಿ ಮೂಡಿತು. ಹುಡುಗರ ನಿಶ್ಚಯಗಳು ಬಹಳವಾಗಿ ಮುಂಜಾವದ ಮಂಜಿನಂತೆ ಕರಗಿಹೋಗುತ್ತವೆ. ಇದು ಕರಗಲಿಲ್ಲ.

ಜ್ಯೂರಿಕ್ ಪಟ್ಟಣದ ದೊಡ್ಡ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಓದಿ ಡಾಕ್ಟರ್ ಪದವಿಯನ್ನು ಪಡೆದ ಇವರಿಗೆ ಅಲ್ಲಿಯೇ ಪ್ರೊಫೆಸರಾಗುವ ದಾರಿಯು ತೆರೆದಿದ್ದಿತು. ಆದರೂ ಅದನ್ನು ಬಿಟ್ಟು, 1909ರಲ್ಲಿ ಅಮೇರಿಕಕ್ಕೆ ಹೊರಟುಹೋದರು. ಅಲ್ಲಿಯೂ ಹವಾಯಿ ದ್ವೀಪಗಳಲ್ಲಿಯೂ ಕೈಕೆಲಸ ಮಾಡಿಯೂ ಪಾಠ ಹೇಳಿಯೂ ಜೀವಿಸಿದರು. ಆಮೇಲೆ ಜಪಾನಿನಲ್ಲಿ ಎಂಜಿನಿಯರರಾಗಿ ಉದ್ಯೋಗ ಮಾಡಿದರು. ಬೆವರು ಸುರಿಸಿ ಅನ್ನ ತಿನ್ನುವವರ ದಿನವು ಎಂಥದೆಂಬುದನ್ನು ಅವರು ಪುಸ್ತಕದಿಂದಲ್ಲ, ತಮ್ಮ ಅಂಗೈಯ ಬೊಬ್ಬೆಗಳಿಂದ ತಿಳಿದುಕೊಂಡರು.

1914ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗುವ ಹೊತ್ತಿಗೆ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಎರಡು ಪಕ್ಷದವರೂ ಒಬ್ಬನೇ ಕರ್ತನ ಹೆಸರನ್ನು ಹೇಳಿಕೊಳ್ಳುವವರು, ಎರಡು ಪಕ್ಷದ ದೇವಾಲಯಗಳಲ್ಲಿಯೂ ಜಯಕ್ಕಾಗಿ ಪ್ರಾರ್ಥನೆ! ಇದನ್ನು ಕಂಡು ಸೆರೆಸೋಲರ ಮನಸ್ಸು ಬೆಂದುಹೋಯಿತು. ತಂದೆಯಿಂದ ಬಂದ ಆಸ್ತಿಯನ್ನು ತಾನು ದುಡಿದು ಗಳಿಸಿದ್ದಲ್ಲವೆಂದು ಸರಕಾರಕ್ಕೆ ಒಪ್ಪಿಸಿಬಿಟ್ಟರು. ಆ ದೇಶದಲ್ಲಿ ಗಂಡಸರೆಲ್ಲರೂ ಸೈನ್ಯದಲ್ಲಿ ಸೇವೆ ಮಾಡಬೇಕೆಂಬ ಕಾನೂನು ಇದ್ದಿತು. ದೇಹಸ್ಥಿತಿಯ ದೆಸೆಯಿಂದ ಇವರಿಗೆ ವಿನಾಯಿತಿ ದೊರೆತಿದ್ದರೂ ಅದಕ್ಕೆ ಬದಲಾಗಿ ಒಂದು ತೆರಿಗೆಯನ್ನು ಕೊಡಬೇಕಾಗಿತ್ತು. 1915ರಲ್ಲಿ ಬೋದ್ರಾಜ್ ಎಂಬ ಬಡ ಶಾಲಾ ಉಪಾಧ್ಯಾಯರು ಕೊಲ್ಲುವುದು ತಮ್ಮಿಂದಾಗದೆಂದು ಸೈನ್ಯಕ್ಕೆ ಹೋಗದೆ ಸೆರೆಮನೆಗೆ ಹೋದರು. ಒಬ್ಬ ಉಪಾಧ್ಯಾಯನು ಸೆರೆಯಲ್ಲಿರುವಾಗ, ಅಧ್ಯಕ್ಷರ ಮಗನು ಕೆಲವು ನಾಣ್ಯಗಳನ್ನು ಕೊಟ್ಟು ನೆಮ್ಮದಿಯಾಗಿ ಮನೆಯಲ್ಲಿ ಕುಳಿತಿರುವುದು ಸೆರೆಸೋಲರಿಗೆ ಸಹಿಸಲಾಗಲಿಲ್ಲ. ಅವರು ತೆರಿಗೆಯನ್ನು ಕೊಡದೆ ಸೆರೆಮನೆಯನ್ನು ಸೇರಿದರು. ಇದು ಒಂದು ಸಲದ ಮಾತಲ್ಲ. ಮುಂದೆ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ಕಾಲದಲ್ಲಿಯೂ ಅವರು ಮತ್ತೆ ಮತ್ತೆ ಕೆಲವು ದಿನ ಸೆರೆಯಲ್ಲಿದ್ದು ಬರುತ್ತಿದ್ದರು. 1917ರಲ್ಲಿ ದೇವಾಲಯದೊಳಗೇ ಎದ್ದುನಿಂತು, ಯುದ್ಧದ ವಿಷಯದಲ್ಲಿ ಸಭೆಯು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲವೆಂದು ನುಡಿದರು. ಬಂಧುಗಳಿಗೂ ಹಿರಿಯರಿಗೂ ಇದರಿಂದ ಎಷ್ಟು ನಾಚಿಕೆಯಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಇಷ್ಟರ ವರೆಗೆ ಅವರು ಒಲ್ಲೆನೆಂದು ಹೇಳಿದ್ದೇ ಹೆಚ್ಚು. ಒಲ್ಲೆನೆನ್ನುವುದು ಧೈರ್ಯದ ಮಾತೇ ಸರಿ. ಆದರೆ ಅದರಿಂದ ಯಾರಿಗೂ ಮನೆಯಾಗುವುದಿಲ್ಲ. ಕಟ್ಟುವ ಕೆಲಸವು ಆರಂಭವಾದ ರೀತಿಯನ್ನು ಇನ್ನು ಮುಂದೆ ಹೇಳುತ್ತೇವೆ.

ಯುದ್ಧವು ಮುಗಿದ ಮೇಲೆ 1919ರಲ್ಲಿ ಹಾಲೆಂಡ್ ದೇಶದ ಬಿಲ್ತೋವನ್ ಎಂಬ ಊರಿನಲ್ಲಿ, ಕೇಸ್ ಬುಕೆ ಎಂಬವರ ಮನೆಯಲ್ಲಿ, ಯುದ್ಧಮಾಡಿದ ದೇಶಗಳ ಕೆಲವು ಮಂದಿ ವಿಶ್ವಾಸಿಗಳು ಸಮಾಧಾನಕ್ಕಾಗಿ ಕೂಡಿದರು. 1920ರಲ್ಲಿ ಅವರು ಮರಳಿ ಕೂಡಿದಾಗ ಮಾತುಗಳು ಬೇಕಾದಷ್ಟು ಆದವು, ಠರಾವುಗಳೂ ಆದವು. ಆಗ ಜರ್ಮನಿಯವನೊಬ್ಬನು ಎದ್ದು, ತನ್ನ ಸ್ವಂತ ಅಣ್ಣತಮ್ಮಂದಿರಲ್ಲೊಬ್ಬನು ಸಿಪಾಯಿಯಾಗಿ ಯಾವ ಫ್ರಾನ್ಸ್ ದೇಶವನ್ನು ಹಾಳುಮಾಡುವುದಕ್ಕೆ ಹೋಗಿದ್ದನೋ ಆ ದೇಶಕ್ಕೆ ತಾನು ಕಟ್ಟುವುದಕ್ಕಾಗಿ ಹೋಗಲು ಸಿದ್ಧನಿರುವೆನೆಂದು ತಿಳಿಸಿದನು. ಆ ಮಾತು ಸೆರೆಸೋಲರ ಎದೆಗೆ ನಾಟಿತು. ಅವರು ಕೂಡಲೆ ಹ್ಯೂಬರ್ಟ್ ಪ್ಯಾರಿಸ್ ಎಂಬ ಇಂಗ್ಲಿಷ್ ಸಹೋದರನ ಸಂಗಡ ಫ್ರಾನ್ಸಿಗೆ ಹೊರಟರು.

ವೆರ್ದನ್ ಎಂಬ ಕೋಟೆಯೂರಿನ ಹತ್ತಿರ ಏನ್ ಎಂಬ ಹಳ್ಳಿ. ಲಕ್ಷಾಂತರ ಸಿಪಾಯಿಗಳು ಸತ್ತ ನೆಲವದು. ಊರಿನಲ್ಲಿ ನಿಂತ ಗೋಡೆಗಳೇ ಇರಲಿಲ್ಲ. ಹೊಲಗಳಲ್ಲಿ ಗುಂಡು ಬಿದ್ದ ಹಳ್ಳಗಳು, ಮುಳ್ಳುತಂತಿ, ಸಿಡಿಯದೆ ಉಳಿದ ಮದ್ದಿನ ಗುಂಡುಗಳು. ಓಡಿಹೋಗಿದ್ದ ಬಡ ರೈತರು ಒಬ್ಬೊಬ್ಬರಾಗಿ ಹಿಂದಿರುಗಿ ಗುಡಿಸಲಿಲ್ಲದೆ ಚಳಿಯಲ್ಲಿ ನಡುಗುತ್ತಿದ್ದರು. 1920ರ ಚಳಿಗಾಲದಲ್ಲಿ ಸೆರೆಸೋಲರೂ ಅವರ ಸಣ್ಣ ಗುಂಪಿನವರೂ ಅಲ್ಲಿಗೆ ಬಂದು ಸೇರಿದರು. ಅವರಲ್ಲಿ ಸ್ವಿಸ್ಸರು, ಇಂಗ್ಲಿಷರು, ಡಚ್ಚರು ಇದ್ದುದಲ್ಲದೆ ಜರ್ಮನರೂ ಇದ್ದರು. ಮರದ ಹಲಗೆಗಳಿಂದ ಮನೆಗಳನ್ನು ನಿಲ್ಲಿಸಿದರು. ಕಲ್ಲುಮಣ್ಣಿನ ರಾಶಿಯನ್ನು ತೆಗೆದು ದಾರಿ ಮಾಡಿದರು. ಗುಂಡಿಯ ಹಳ್ಳಗಳನ್ನು ಮುಚ್ಚಿ ಹೊಲಗಳನ್ನು ಉಳುವುದಕ್ಕೆ ತಕ್ಕಂತೆ ಮಾಡಿದರು. ಕೂಲಿಯೆಂಬುದು ಒಂದು ಕಾಸೂ ಇಲ್ಲ. ಹೊಟ್ಟೆಗೆ ಊಟ, ಮಲಗುವುದಕ್ಕೆ ಒಂದು ಮೂಲೆ, ಇಷ್ಟೇ.

ಜರ್ಮನನು ಬಂದು ತನ್ನ ಮನೆಯ ಗೋಡೆಯನ್ನು ನಿಲ್ಲಿಸುವುದನ್ನು ಆ ಊರಿನ ವಿಧವೆಯು ಹೇಗೆ ನೋಡಿರಬೇಕು! ಕೆಲವರ ಮನಸ್ಸು ಮೆತ್ತಗಾಯಿತು, ಎಲ್ಲರದೂ ಆಗಲಿಲ್ಲ. ಐದಾರು ತಿಂಗಳಾಗುವಷ್ಟರಲ್ಲಿ, ಜರ್ಮನರನ್ನು ಇಲ್ಲಿಂದ ಕಳುಹಿಸಿಬಿಡಬೇಕೆಂದು ಮೇಲಿನವರ ಒತ್ತಾಯವು ಬಂದಿತು. ಜರ್ಮನರನ್ನು ಬಿಟ್ಟು ಉಳಿದವರು ಕೆಲಸವನ್ನು ಮುಂದುವರಿಸಬಹುದಾಗಿತ್ತು. ಆದರೆ ಯಾರ ಸಂಗಡ ಸಮಾಧಾನವಾಗಬೇಕೋ ಅವರನ್ನೇ ಹೊರಗಟ್ಟಿ ಕಟ್ಟುವ ಮನೆಯು ಸೆರೆಸೋಲರಿಗೆ ಬೇಡವಾಯಿತು. 1921ರ ವಸಂತಕಾಲದಲ್ಲಿ ಎಲ್ಲರೂ ಗುದ್ದಲಿಗಳನ್ನು ಕೆಳಗಿಟ್ಟು ಹೊರಟುಹೋದರು. ಲೋಕದ ಲೆಕ್ಕದಲ್ಲಿ ಇದು ಸೋಲೇ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಿಂದ ಈಗ ಅನೇಕ ದೇಶಗಳಲ್ಲಿ ಹಬ್ಬಿರುವ ಸೇವಾಸಂಘದವರಾದರೋ ತಮ್ಮ ಹುಟ್ಟಿದ ದಿನವನ್ನು ಈ ಏನ್ ಹಳ್ಳಿಯಿಂದಲೇ ಎಣಿಸುತ್ತಾರೆ.

ಮೂರು ವರ್ಷ ಕಳೆದ ಮೇಲೆ ಕೆಲಸವು ಸ್ವಿಟ್ಜರ್ಲೆಂಡಿನಲ್ಲಿಯೇ ಮರಳಿ ಚಿಗುರಿತು. ಪರ್ವತದಿಂದ ಹಿಮವು ಜಾರಿಬಿದ್ದು ಹಾಳಾದ ಹಳ್ಳಿಗಳಲ್ಲಿಯೂ, ಗುಡ್ಡ ಕುಸಿದು ಮುಚ್ಚಿಹೋದ ಹಳ್ಳಿಗಳಲ್ಲಿಯೂ ಸೆರೆಸೋಲರು ಯೌವನಸ್ಥರನ್ನು ಕೂಡಿಸಿಕೊಂಡು ದುಡಿದರು. ಆಶ್ಚರ್ಯವೇನಂದರೆ ಇವರ ಅಣ್ಣತಮ್ಮಂದಿರಲ್ಲೊಬ್ಬರಾದ ಎರ್ನೆಸ್ಟ್ ಸೆರೆಸೋಲರು ಸೈನ್ಯದ ಕರ್ನಲರಾಗಿದ್ದರೂ ಈ ಕೆಲಸಗಳ ಮೇಲ್ವಿಚಾರಣೆಯನ್ನು ತಾವೇ ವಹಿಸಿಕೊಂಡರು. ಒಬ್ಬರು ಕತ್ತಿಯನ್ನು ಒಪ್ಪಿದವರು, ಇನ್ನೊಬ್ಬರು ಅದನ್ನು ಮುಟ್ಟದೆ ಸೆರೆಗೆ ಹೋದವರು. ಗುದ್ದಲಿಯ ಹತ್ತಿರ ಇಬ್ಬರೂ ಒಂದಾದರು. 1927ರಲ್ಲಿ ರೈನ್ ನದಿಯ ಏರಿಯು ಒಡೆದು ಲೀಖ್ಟೆನ್‌ಸ್ಟೈನ್ ಎಂಬ ಚಿಕ್ಕ ಸಂಸ್ಥಾನದ ಹೊಲಗಳೆಲ್ಲ ಕಲ್ಲುಮರಳಿನಡಿಯಲ್ಲಿ ಹೂತುಹೋದವು. ಮರುವರ್ಷ ಅದನ್ನು ತೆಗೆಯುವುದಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ದೇಶಗಳಿಂದ ಏಳುನೂರಕ್ಕೆ ಮೇಲ್ಪಟ್ಟ ಮಂದಿ ಬಂದರು. ಅವರಲ್ಲಿ ವಿದ್ಯಾರ್ಥಿಗಳು ಬಹಳ ಮಂದಿ. ಸಹೋದರಿಯರೆಂದು ಕರೆಯಲ್ಪಟ್ಟ ಸ್ತ್ರೀಯರು ಅಷ್ಟು ಮಂದಿಗೂ ಅಡಿಗೆ ಮಾಡಿ ಬಟ್ಟೆ ಒಗೆದು ಹೊಲಿದುಕೊಟ್ಟರು. ಆ ಕೆಲಸವೂ ಗುದ್ದಲಿಯ ಕೆಲಸಕ್ಕಿಂತ ಕಡಿಮೆಯಾದುದಲ್ಲ, ಬರೆಯುವವರು ಅದನ್ನು ಮರೆಯುವುದೇ ಹೆಚ್ಚು. 1931ರಲ್ಲಿ ವೇಲ್ಸ್ ಸೀಮೆಯ ಬ್ರಿನ್‌ಮಾರ್ ಎಂಬ ಗಣಿಯೂರಿಗೆ ಹೋದರು. ಕಲ್ಲಿದ್ದಲ ಗಣಿಗಳು ನಿಂತು ಅನ್ನಕ್ಕಿಲ್ಲದೆ ಕುಳಿತಿದ್ದ ಕೂಲಿಗಾರರ ಜೊತೆಯಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಸೇರಿ ಗಣಿಯ ಕಸದ ದಿಬ್ಬವನ್ನು ತೆಗೆದು ತೋಟವನ್ನೂ ಈಜುವ ಕೊಳವನ್ನೂ ಮಾಡಿದರು.

ಇದೇ 1931ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರು ಲಂಡನಿನಿಂದ ಹಿಂದಿರುಗುವಾಗ ರೊಮೇನ್ ರೋಲಾ ಎಂಬ ಗ್ರಂಥಕರ್ತರನ್ನು ನೋಡುವುದಕ್ಕಾಗಿ ಸ್ವಿಟ್ಜರ್ಲೆಂಡಿಗೆ ಬಂದರು. ಸೆರೆಸೋಲರು ಅವರನ್ನು ಕಂಡು ಮಾತಾಡಿದರು. ಎರಡು ವರ್ಷವಾದ ಮೇಲೆ, 1934ರ ಜನವರಿ 15ನೆಯ ತಾರೀಖು ಮಧ್ಯಾಹ್ನ, ಬಿಹಾರದಲ್ಲಿಯೂ ನೇಪಾಳದಲ್ಲಿಯೂ ಭೂಮಿಯು ಕಂಪಿಸಿತು. ಬಿಹಾರದಲ್ಲಿ ಮಾತ್ರವೇ ಸತ್ತವರು ಏಳು ಸಾವಿರಕ್ಕೆ ಮೇಲೆ. ಮುಂಗೇರ, ಮುಜಫರಪುರ, ದರ್ಭಂಗಗಳ ಸೀಮೆಯು ನೆಲಸಮವಾಯಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದಂಡನೆಯೆಂದು ಗಾಂಧಿಯವರು ಹೇಳಲು, ರವೀಂದ್ರನಾಥ ಠಾಕೂರರು ಅದನ್ನು ಒಪ್ಪದೆ ಬಹಿರಂಗವಾಗಿ ಬರೆದರು. ಗೋಡೆ ಬಿದ್ದದ್ದಾದರೋ ಮುಟ್ಟುವವರ ಮೇಲೆಯೂ ಬಿತ್ತು, ಮುಟ್ಟಿಸಿಕೊಳ್ಳದವರ ಮೇಲೆಯೂ ಬಿತ್ತು.

ಈ ಸುದ್ದಿಯನ್ನು ಕೇಳಿದ ಸೆರೆಸೋಲರು ಆ ವರ್ಷವೇ ಹಡಗನ್ನು ಹತ್ತಿ ಬಂದರು. ಆಗ ಅವರಿಗೆ ವಯಸ್ಸು ಐವತ್ತನಾಲ್ಕು. ಸಿ.ಎಫ್. ಆಂಡ್ರೂಸರು ಅವರಿಗೆ ಸಹಾಯವಾದರು. ಬಾಬು ರಾಜೇಂದ್ರಪ್ರಸಾದರು ಆಗತಾನೆ ಸೆರೆಯಿಂದ ಬಿಡುಗಡೆಯಾಗಿ ಪರಿಹಾರದ ಕೆಲಸದ ಮುಂದಾಳಾಗಿದ್ದರು; ಅವರೂ ಇವರನ್ನು ಬರಮಾಡಿಕೊಂಡರು. ಸ್ಥಿತಿಯನ್ನು ಕಣ್ಣಾರೆ ನೋಡಿ ಸೆರೆಸೋಲರು ಹಿಂದಿರುಗಿದರು. ಅದೇ ವರ್ಷದ ಕಡೆಯಲ್ಲಿ ಇಂಗ್ಲಿಷರಾದ ಜೋ ವಿಲ್ಕಿನ್ಸನ್, ಫ್ರೇಜರ್ ಹಾಯ್ಲೆಂಡ್ ಎಂಬವರನ್ನೂ ಸ್ವಿಸ್ಸನಾದ ಪೌಲ್ ಶೆಂಕರ್ ಎಂಬವನನ್ನೂ ಜೊತೆಗೂಡಿಸಿಕೊಂಡು ಮರಳಿ ಬಂದರು. 1937ರ ವರೆಗೆ ಈ ಸೇವೆಯು ನಡೆಯಿತು. ಅಷ್ಟರಲ್ಲಿ ಅವರು ಮೂರು ಸಲ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೆ ಬಂದಿದ್ದರು.

ಮುಜಫರಪುರದ ಸೀಮೆಯಲ್ಲಿ ಬಿದ್ದ ಮನೆಯನ್ನು ಬಿದ್ದಲ್ಲಿಯೇ ಎತ್ತಿ ನಿಲ್ಲಿಸುವುದರಿಂದ ಪ್ರಯೋಜನವಿರಲಿಲ್ಲ. ಭೂಕಂಪದಿಂದ ನೆಲದ ಮಟ್ಟವೇ ಕೆಟ್ಟು, ಬಿರುಕುಗಳಿಂದ ಮರಳು ಉಕ್ಕಿ, ನದಿಗಳ ಪಾತ್ರವು ತುಂಬಿಹೋಗಿ, ಮಳೆಗಾಲ ಬಂದರೆ ಹಳ್ಳಿಗಳೆಲ್ಲ ನೀರಿನಲ್ಲಿ ನಿಲ್ಲುವಂತಾಗಿತ್ತು. ಆದುದರಿಂದ ಊರುಗಳನ್ನೇ ಎತ್ತರದ ನೆಲಕ್ಕೆ ಸಾಗಿಸಬೇಕಾಯಿತು. ಇದಕ್ಕೆ ಮೊದಲು ಬೇಕಾದುದು ಇಟ್ಟಿಗೆಯಲ್ಲ, ನೆಲ. ಮನೆಯ ಜಾಗವು ತನ್ನದಲ್ಲದವನು ಕಟ್ಟಿದ ಗೋಡೆಯು ಅವನದಾದರೂ ಹೇಗಾದೀತು? ನಮ್ಮ ಕನ್ನಡ ಸೀಮೆಯಲ್ಲಿ ಇದನ್ನು ಮೊದಲು ಅರಿತವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಒಬ್ಬರು. 1859ರಿಂದ 1928ರ ವರೆಗೆ ಜೀವಿಸಿದ್ದ ಈ ಸಾರಸ್ವತ ಬ್ರಾಹ್ಮಣರು 1892ರಲ್ಲಿ ಕೇರಿಯ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನನ್ನು ಸ್ಥಾಪಿಸಿ, ಅಕ್ಷರದ ಜೊತೆಗೆ ಸರಕಾರದಿಂದ ನೆಲವನ್ನೂ ಕೇಳಿ ಪಡೆದು ಬಡವರಿಗೆ ಮನೆಗಳ ನೆಲೆ ಮಾಡಿಕೊಟ್ಟರು. ಸ್ವಜಾತಿಯವರು ಅವರನ್ನು ಹೊರಗೆ ಹಾಕಿದರು. ಆದರೂ ಅವರು ಬಿಡಲಿಲ್ಲ. ಬಿಹಾರದಲ್ಲಿಯೂ ಸೆರೆಸೋಲರ ಹೆಚ್ಚಿನ ಶ್ರಮವು ಕಚೇರಿಗಳ ಬಾಗಿಲಲ್ಲಿಯೇ ಕಳೆಯಿತು. ಸರಕಾರದ ಅಧಿಕಾರಿಗಳಿಗೆ ಕಾಂಗ್ರೆಸ್ಸಿನವರ ಮೇಲೆ ನಂಬಿಕೆಯಿಲ್ಲ, ಕಾಂಗ್ರೆಸ್ಸಿನವರಿಗೆ ಅಧಿಕಾರಿಗಳ ಮೇಲೆ ಇಲ್ಲ. ಇಬ್ಬರ ನಡುವೆ ನಿಂತು, ಇಬ್ಬರನ್ನೂ ಒಂದೇ ಊರಿನ ಕೆಲಸಕ್ಕೆ ಕೂಡಿಸಲು ಅವರು ಪ್ರಯಾಸಪಟ್ಟರು.

ಮಂಕರಿಯಲ್ಲಿ ಮಣ್ಣು ತುಂಬಿ ಹೊರುವಲ್ಲಿ ಅವರೂ ಅವರ ಜೊತೆಗಾರರೂ ಹಳ್ಳಿಯ ಕೂಲಿಯವರ ಸಾಲಿನಲ್ಲಿಯೇ ನಿಂತರು. ಇದು ಸಣ್ಣ ಸಂಗತಿಯಲ್ಲ. ದೊರೆತನದ ಕಾಲದಲ್ಲಿ ಬಿಳಿಯನು ಕುದುರೆಯ ಮೇಲೆ ಬರುವುದನ್ನು ಹಳ್ಳಿಗರು ಬಲ್ಲರು. ಬಿಸಿಲಿನಲ್ಲಿ ಮಣ್ಣು ಹೊರುವುದನ್ನು ಬಲ್ಲವರಲ್ಲ. ನಮ್ಮ ಹಿರಿಯರಿಗೆ ಕೂಲಿಯಿಲ್ಲದ ಕೆಲಸವೆಂದರೆ ಬಿಟ್ಟಿಯೇ. ಪಟೇಲನ ಮನೆಗೆ ಸೌದೆ, ಅಮಲ್ದಾರನ ಗುಡಾರಕ್ಕೆ ಗೂಟ, ಊರಿಗೆ ಬಂದವರ ಮೂಟೆ, ಎಲ್ಲವೂ ಕೇರಿಯವನ ಹೆಗಲಿಗೆ. ಹೇಳಿದ ಕೂಡಲೆ ಹೋಗಬೇಕು, ಬಾಯಿ ಬಿಡಬಾರದು. ಅದೇ ಕೂಲಿಯಿಲ್ಲದ ಕೆಲಸವನ್ನು ಅಧ್ಯಕ್ಷರ ಮಗನು, ಡಾಕ್ಟರ್ ಪದವಿ ಪಡೆದವನು, ಯಾರ ಬಲವಂತವೂ ಇಲ್ಲದೆ ಬಡವನ ಮನೆಗಾಗಿ ಮಾಡುವಾಗ ಆ ಕೆಲಸದ ಹೆಸರೇ ಬದಲಾಗುತ್ತದೆ. ಬಿಟ್ಟಿಯಲ್ಲಿ ಬಲ್ಲಿದನು ಬಡವನ ಬೆನ್ನನ್ನು ತೆಗೆದುಕೊಂಡನು. ಇಲ್ಲಿ ಬಲ್ಲಿದನೇ ತನ್ನ ಬೆನ್ನನ್ನು ತಂದು ಕೊಟ್ಟನು.

ಹೀಗೆ ನೆಲೆಗೊಂಡ ಹೊಸ ಊರಿಗೆ ಶಾಂತಿಪುರವೆಂದು ಹೆಸರಾಯಿತು. ಮನೆಗಳ ಯಜಮಾನರು ತಾವೂ ದುಡಿದೇ ಕಟ್ಟಿಕೊಂಡರೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಪರದೇಶದವರು ನಾಲ್ಕೈದು ಮಂದಿ ಮಾತ್ರವೇ ಆದುದರಿಂದ ಅವರು ಕಟ್ಟಿದ ಗೋಡೆಗಳನ್ನು ಎಣಿಸಿದರೆ ಲೆಕ್ಕವು ದೊಡ್ಡದಾಗದು. ಊರವರ ಕೈಗಳು ಕೂಡಿದ್ದರಿಂದಲೇ ಊರು ಎದ್ದಿತು.

1936ರಲ್ಲಿ ಸೆರೆಸೋಲರು ಕ್ವೇಕರರೆಂಬ ಸಭೆಯನ್ನು ಸೇರಿದರು. 1941ರಲ್ಲಿ, ಅರುವತ್ತೆರಡನೆಯ ವಯಸ್ಸಿನ ಹೊತ್ತಿಗೆ, ಲೀಸ್ ದಾವಿದ್ ಎಂಬಾಕೆಯನ್ನು ಮದುವೆಯಾದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಯೂರೋಪನ್ನು ನುಂಗುತ್ತಿತ್ತು. ರಾತ್ರಿಯಲ್ಲಿ ದೀಪ ಕಾಣಿಸಬಾರದೆಂಬ ಯುದ್ಧಕಾಲದ ಅಪ್ಪಣೆಯನ್ನು ಮೀರಿ ಇವರು ದೀಪ ಹಚ್ಚಿಟ್ಟು ಶಿಕ್ಷೆಗೆ ಒಳಗಾದರು. 1942ರಲ್ಲಿಯೂ 1944ರಲ್ಲಿಯೂ ರಹದಾರಿಯಿಲ್ಲದೆ ಗಡಿಯನ್ನು ದಾಟಿ, ಸಮಾಧಾನದ ಮಾತನ್ನು ಹೇಳುವುದಕ್ಕಾಗಿ ಜರ್ಮನಿಯೊಳಕ್ಕೆ ನಡೆದುಕೊಂಡೇ ಹೋದರು. ಜರ್ಮನರು ಹಿಡಿದು ಹಿಂದಕ್ಕೆ ಕಳುಹಿಸಿದರು, ಸ್ವದೇಶದವರು ಸೆರೆಯಲ್ಲಿಟ್ಟರು. ಇದು ಬುದ್ಧಿವಂತಿಕೆಯೋ ಅಲ್ಲವೋ ಎಂದು ಅವರ ಸ್ನೇಹಿತರೇ ಸಂದೇಹಪಡುವಂತಿತ್ತು. ನಮಗೂ ಅವರ ಗುದ್ದಲಿಯ ಕೆಲಸವು ಅರ್ಥವಾಗುವಷ್ಟು ಸುಲಭವಾಗಿ ಈ ಗಡಿದಾಟುವಿಕೆಯು ಅರ್ಥವಾಗುವುದಿಲ್ಲ. ಹದಿನೇಳನೆಯ ವಯಸ್ಸಿನ ನಿಶ್ಚಯವು ಕೊನೆಯ ವರೆಗೂ ಅವರನ್ನು ನಡಿಸಿತೆಂದು ಮಾತ್ರ ಹೇಳಬಹುದು.

ಸೆರೆಮನೆಯ ವಾಸದಿಂದ ದೇಹವು ಕುಗ್ಗಿತು. ಯುದ್ಧವು ಮುಗಿದ ವರ್ಷವೇ, 1945ರ ಅಕ್ಟೋಬರ್ 23ನೆಯ ತಾರೀಖಿನಲ್ಲಿ, ಲೊಸಾನಿನ ಹತ್ತಿರದ ಲೂತ್ರಿ ಎಂಬಲ್ಲಿಯ ತಮ್ಮ ಮನೆಯಲ್ಲಿ ಅವರು ನಿದ್ರೆಹೋದರು. ಕೊಲ್ಲಲಾರದವನು ಸೈನ್ಯಕ್ಕೆ ಬದಲಾಗಿ ಜನಸೇವೆಯನ್ನು ಮಾಡಬಹುದೆಂಬ ಕಾನೂನಿಗಾಗಿ ಅವರು ಯೌವನದಿಂದಲೂ ಬೇಡಿಕೊಂಡಿದ್ದರು. ಅದು ಸ್ವಿಟ್ಜರ್ಲೆಂಡಿನಲ್ಲಿ ಜಾರಿಗೆ ಬಂದದ್ದು 1996ರಲ್ಲಿ, ಅವರು ಸತ್ತು 51 ವರ್ಷಗಳಾದ ಮೇಲೆ. ನಮ್ಮ ದೇಶಕ್ಕಾದರೋ ಅವರ ಸಂಘದವರು ಅಷ್ಟು ತಡಮಾಡಲಿಲ್ಲ. ದೇಶವಿಭಾಗದ ಕಾಲದಲ್ಲಿ ಮನೆಮಠಗಳನ್ನು ಬಿಟ್ಟು ಓಡಿಬಂದ ನಿರಾಶ್ರಿತರಿಗಾಗಿ ದಿಲ್ಲಿಯ ಹತ್ತಿರ ಫರೀದಾಬಾದ್ ಎಂಬ ಹೊಸ ಪಟ್ಟಣವು ಏಳುತ್ತಿದ್ದಾಗ, 1950ರಲ್ಲಿ, ಅವರ ಒಂದು ಸಣ್ಣ ಗುಂಪು ಅಲ್ಲಿಗೆ ಬಂದು, ಮನೆಗಳನ್ನು ಕಟ್ಟುತ್ತಿದ್ದವರ ಸಂಗಡ ಕೆಲಸಕ್ಕೆ ನಿಂತಿತು.